ಹಾಜರಿ ಪುಸ್ತಕದ ಒಂಬತ್ತನೇ ನಂಬರ್

 

ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತು ಆತ್ಮಹತ್ಯೆಯ ವಿಷಯ ಬರುತ್ತೆ, ಶಾಲೆಯಲ್ಲಿ ನಡೆಯೋ ಗೇಲಿಯ ವಿಷಯ ಬರುತ್ತೆ. ನಿಮ್ಮ ಮನಸ್ಸು ಈಗ ಸರಿ ಇಲ್ಲ ಅನಿಸಿದ್ರೆ ಇದನ್ನ ಇವತ್ತೇ ಕೇಳಬೇಕು ಅಂತೇನಿಲ್ಲ. ಆದ್ರೆ ಈ ನಂಬರ್ ಮಾತ್ರ ಬರ್ಕೊಂಡು ಹೋಗಿ: 14416. ಇದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೊನೆಯಲ್ಲಿ ಇನ್ನೊಂದು ಸಲ ಹೇಳ್ತೀನಿ.

ಈಗ ವಿಷಯಕ್ಕೆ ಬರೋಣ. ನಮ್ಮ ಕಡೆಯವರಿಗೆ ಗೊತ್ತಿರೋದೇ, ಹೊರಗಿನವರಿಗೆ ಹೇಳ್ತೀನಿ. ತುಮಕೂರು ಕಂದಾಯ ಜಿಲ್ಲೆ ಒಂದೇ ಆದ್ರೂ ಶಾಲೆಗಳ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಮಾಡಿದಾರೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಊರೆಲ್ಲಾ ಕೇಳೋದು ಒಂದೇ ಪ್ರಶ್ನೆ: ಮಧುಗಿರಿ ಎಷ್ಟನೇ ಸ್ಥಾನ? ಮೇಲಕ್ಕೆ ಹೋಯ್ತಾ, ಕೆಳಕ್ಕೆ ಬಂತಾ? ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಲ್ಲಿ ಅದೇ ಚರ್ಚೆ. ಪರೀಕ್ಷೆಗೆ ಕೂತವರ ಲೆಕ್ಕ ನಮಗೆ ಬಾಯಿಪಾಠ. ಕೂರೋಕೆ ಮೊದಲೇ ಸ್ಕೂಲ್ ಬಿಟ್ಟವರು ಯಾಕೆ ಬಿಟ್ಟರು ಅಂತ ಯಾರೂ ಚರ್ಚೆ ಮಾಡಲ್ಲ. ಇವತ್ತು ನಾನು ಹಾಗೆ ಬಿಟ್ಟ ಒಬ್ಬನ ಬಗ್ಗೆ ಮಾತಾಡ್ತಿದ್ದೀನಿ.

ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದು ಅಂತ ಹೇಳಲ್ಲ. ಶಾಲೆ ಯಾವುದು ಅಂತಾನೂ ಹೇಳಲ್ಲ. ಅವನೇ ಹಾಗೆ ಕೇಳ್ಕೊಂಡಿದ್ದಾನೆ. "ಹೆಸರು ಬೇಡ, ಊರು ಬೇಡ. ನಂಬರ್ ಬೇಕಾದ್ರೆ ಹೇಳು" ಅಂದ.

ಅವನ ಹಾಜರಿ ನಂಬರ್ ಒಂಬತ್ತು.

ನಾನಾಗ ಒಂಬತ್ತನೇ ಕ್ಲಾಸು. ನಮ್ಮ ಶಾಲೆಯಲ್ಲಿ ಹಾಜರಿ ಕೂಗುವಾಗ ಹೆಸರು ಕರೀತಿರಲಿಲ್ಲ, ನಂಬರ್ ಕರೀತಿದ್ರು. ಒಂದು, ಎರಡು, ಮೂರು... ಬೇಗ ಮುಗೀಲಿ ಅಂತ. ಅವನು ಸ್ವಲ್ಪ ಮೆತ್ತಗಿದ್ದ. ದನಿ ಇನ್ನೂ ಒಡೆದಿರಲಿಲ್ಲ. ಆಟದ ಪಿರಿಯಡ್‌ನಲ್ಲಿ ಕಬಡ್ಡಿಗೆ ಬರ್ತಿರಲಿಲ್ಲ, ಬೇವಿನ ಮರದ ಕೆಳಗೆ ಹುಡುಗೀರ ಜೊತೆ ಕೂತು ಮಾತಾಡ್ತಿದ್ದ. ಕೈಬರಹ ಮಾತ್ರ ಮುತ್ತಿನ ಹಾಗೆ. 'ಒಂಬತ್ತು' ಅನ್ನೋ ಪದವನ್ನ ನಮ್ಮ ಕಡೆ ಯಾರಿಗೆ ಬೈಗುಳದ ಹಾಗೆ ಬಳಸ್ತಾರೆ ಅಂತ ನಿಮಗೆ ಗೊತ್ತು. ಇನ್ನೂ ಬೇರೆ ಪದಗಳಿವೆ. ಪಾವಗಡದ ಕಡೆ ತೆಲುಗಿನದ್ದೊಂದು, ಶಿರಾ ಪೇಟೆಯಲ್ಲಿ ಉರ್ದುವಿನದ್ದೊಂದು. ಅವನ್ನೆಲ್ಲ ಇಲ್ಲಿ ಹೇಳಲ್ಲ.

ಮೇಷ್ಟ್ರು "ಎಂಟು" ಅಂದ ಕೂಡಲೇ ಕ್ಲಾಸು ಸುಮ್ಮನಾಗೋದು. ಎಲ್ಲರೂ ಕಾಯ್ತಾ ಇರ್ತಿದ್ವಿ. "ಒಂಬತ್ತು" ಅಂದ್ರೋ ಇಲ್ವೋ, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೂ ನಗು. ಮೇಷ್ಟ್ರಿಗೂ ನಗು ಬರೋದು. ಮೊದಮೊದಲು ರಿಜಿಸ್ಟರ್ ಅಡ್ಡ ಹಿಡ್ಕೊಂಡು ನಗೋರು, ಆಮೇಲೆ ಅದೂ ಬಿಟ್ಟರು. ಅವನು ಎದ್ದು ನಿಂತು "ಎಸ್ ಸಾರ್" ಅನ್ನೋನು. ಸ್ವಲ್ಪ ದಿನ ಆದ ಮೇಲೆ ಕೂತಲ್ಲಿಂದಲೇ ಅನ್ನೋಕೆ ಶುರು ಮಾಡಿದ. ಕೊನೆಗೆ ಅನ್ನೋದನ್ನೇ ಬಿಟ್ಟ. ಕ್ಲಾಸಲ್ಲಿ ಕೂತಿದ್ರೂ ಆಬ್ಸೆಂಟ್ ಬೀಳೋಕೆ ಶುರುವಾಯ್ತು.

ನಾನೇನು ಮಾಡ್ತಿದ್ದೆ? ನಗ್ತಿದ್ದೆ. ನಗೋದಷ್ಟೇ ಅಲ್ಲ. ಅವನ ನೋಟ್‌ಬುಕ್‌ನ ಲೇಬಲ್ ಮೇಲೆ ಹೆಸರು ಹೊಡೆದುಹಾಕಿ ದೊಡ್ಡದಾಗಿ 9 ಅಂತ ಬರೆದವನು ನಾನೇ. ಅದಕ್ಕೆ ನನ್ನ ಸ್ನೇಹಿತರು ಬೆನ್ನು ತಟ್ಟಿದ್ರು. ಅವತ್ತು ನನಗೆ ಬಹಳ ಖುಷಿಯಾಗಿತ್ತು. ಅದನ್ನ ಮುಚ್ಚಿಟ್ಟು ಈ ಕಂತು ಮಾಡೋದರಲ್ಲಿ ಅರ್ಥ ಇಲ್ಲ, ಅದಕ್ಕೇ ಹೇಳ್ತಿದ್ದೀನಿ.

ಆ ವರ್ಷ ಬೇಸಿಗೆ ರಜೆಯಲ್ಲಿ ಅವನು ತನ್ನ ಜೀವ ತೆಗೆದುಕೊಳ್ಳೋಕೆ ಹೊರಟಿದ್ದ. ಮನೆಯವರು ನೋಡಿದ್ರು, ಆಸ್ಪತ್ರೆಗೆ ಸೇರಿಸಿದ್ರು, ಉಳಿದ. ನಮಗೆ ಸಿಕ್ಕ ಸುದ್ದಿ ಮಾತ್ರ ಬೇರೆ: "ಗಣಿತ ಕಷ್ಟ ಆಯ್ತಂತೆ, ಮಾವನ ಊರಿಗೆ ಕಳಿಸಿದ್ರಂತೆ." ಹತ್ತನೇ ಕ್ಲಾಸಿನ ಹೊಸ ರಿಜಿಸ್ಟರ್‌ನಲ್ಲಿ ನಂಬರ್ ಒಂಬತ್ತು ಇನ್ಯಾರಿಗೋ ಹೋಯ್ತು. ಆ ಹುಡುಗ ದಪ್ಪಗೆ, ಗಟ್ಟಿಮುಟ್ಟಾಗಿದ್ದ. ಆ ನಂಬರಿಗೆ ಯಾರೂ ನಗಲಿಲ್ಲ.

ನಿಜ ನನಗೆ ಗೊತ್ತಾಗಿದ್ದು ಹನ್ನೆರಡು ವರ್ಷ ಆದ ಮೇಲೆ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಮೆತ್ತಗಿರೋ ಹುಡುಗರೆಲ್ಲ ಸಲಿಂಗಿಗಳಲ್ಲ. ಸಲಿಂಗಿಗಳೆಲ್ಲ ಮೆತ್ತಗಿರಲ್ಲ. ಕಬಡ್ಡಿ ಟೀಮಿನ ಕ್ಯಾಪ್ಟನ್ ಆಗಿದ್ದು, ಮೀಸೆ ತಿರುವಿಕೊಂಡು, ಒಳಗೊಳಗೇ ಹೆದರಿಕೊಂಡು ಓಡಾಡೋ ಹುಡುಗರೂ ಇದ್ದಾರೆ. ಗಂಡಾಗಿ ಹುಟ್ಟಿ ತಾನು ಹೆಣ್ಣು ಅನ್ನಿಸೋದು, ಅಂದ್ರೆ ಟ್ರಾನ್ಸ್‌ಜೆಂಡರ್ ಆಗಿರೋದು, ಅದು ಇನ್ನೊಂದು ವಿಷಯ. ಆದ್ರೆ ಗೇಲಿ ಮಾಡೋರಿಗೆ ಈ ವ್ಯತ್ಯಾಸ ಎಲ್ಲ ಬೇಕಿಲ್ಲ. ನಡಿಗೆ ನೋಡ್ತಾರೆ, ದನಿ ಕೇಳ್ತಾರೆ, ಒಂದು ಪದ ಅಂಟಿಸ್ತಾರೆ. ನನ್ನ ಗೆಳೆಯ ಸಲಿಂಗಿ ಅನ್ನೋದು ಅವನಿಗೇ ಸರಿಯಾಗಿ ಗೊತ್ತಾಗೋಕೆ ಮೊದಲೇ ನಾವು ತೀರ್ಮಾನ ಮಾಡಿ, ಶಿಕ್ಷೆನೂ ಕೊಟ್ಟುಬಿಟ್ಟಿದ್ವಿ.

ಹುಡುಗಿಯರ ಕಥೆ ಇನ್ನೂ ಸದ್ದಿಲ್ಲದ್ದು. ಇಬ್ಬರು ಹುಡುಗಿಯರು ಯಾವಾಗಲೂ ಜೊತೆಗಿದ್ರೆ ಹಾಸ್ಟೆಲ್‌ನಲ್ಲಿ ರೂಮ್ ಬದಲಾಯಿಸ್ತಾರೆ, ಮನೆಗೆ ಫೋನ್ ಹೋಗುತ್ತೆ. ಮನೆಯವರು ಮೊಬೈಲ್ ಕಿತ್ತುಕೊಂಡು ಗಂಡು ಹುಡುಕೋಕೆ ಶುರು ಮಾಡ್ತಾರೆ. ಓದು ನಿಲ್ಲುತ್ತೆ. ಊರಿನ ಕಣ್ಣಿಗೆ ಅದು ಮದುವೆ ಅಷ್ಟೇ. ಅವಳ ಒಳಗೆ ಏನಾಯ್ತು ಅಂತ ಕೇಳೋರೇ ಇರಲ್ಲ.

ಈಗ ಸ್ವಲ್ಪ ಲೆಕ್ಕ. ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಆತ್ಮಹತ್ಯೆಗಳ ವರದಿ ಕೊಡುತ್ತೆ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಅದರಲ್ಲಿ ವಿದ್ಯಾರ್ಥಿಗಳು 13,044. ಅಂದ್ರೆ ದಿನಕ್ಕೆ 35ಕ್ಕೂ ಹೆಚ್ಚು. ನಮ್ಮ ಕಡೆಯ ಒಂದು ಹೈಸ್ಕೂಲ್ ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳಿರ್ತಾರೋ ಹೆಚ್ಚುಕಡಿಮೆ ಅಷ್ಟು ಮಕ್ಕಳು, ಪ್ರತಿ ದಿನ.

ಕಾರಣಗಳ ಪಟ್ಟಿನೂ ಆ ವರದಿಯಲ್ಲಿರುತ್ತೆ. ಕುಟುಂಬದ ಸಮಸ್ಯೆ, ಕಾಯಿಲೆ, ಪರೀಕ್ಷೆಯಲ್ಲಿ ಫೇಲ್, ಪ್ರೇಮ ಪ್ರಕರಣ, ಸಾಲ... ಹೀಗೆ ಉದ್ದಕ್ಕೆ ಹೋಗುತ್ತೆ. 'ಸಲಿಂಗಿ ಅಂತ ಗೇಲಿ ಮಾಡಿದ್ದಕ್ಕೆ' ಅನ್ನೋ ಕಾಲಂ ಅದರಲ್ಲಿಲ್ಲ. ಲೆಕ್ಕ ಬರೆಯೋರಿಗೆ ಸಸ್ಪೆನ್ಸ್ ಅಕೌಂಟ್ ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ವ್ಯತ್ಯಾಸದ ದುಡ್ಡನ್ನ ತಾತ್ಕಾಲಿಕವಾಗಿ ಅಲ್ಲಿ ಹಾಕಿ ಇಡ್ತೀವಿ. ನಿಯಮ ಏನು ಅಂದ್ರೆ ತಪ್ಪು ಎಲ್ಲಿದೆ ಅಂತ ಹುಡುಕಿ ಆ ಖಾತೆ ಮುಗಿಸಬೇಕು. ಈ ಮಕ್ಕಳ ವಿಷಯದಲ್ಲಿ ನಾವು ಹುಡುಕೋದೇ ಇಲ್ಲ. ಪೊಲೀಸರ ಮುಂದೆ ಮನೆಯವರು "ಹೊಟ್ಟೆನೋವಿತ್ತು" ಅಂತಾರೆ, "ಓದಲಿಲ್ಲ ಅಂತ ಬೈದಿದ್ವಿ" ಅಂತಾರೆ. ಮರ್ಯಾದೆ ಉಳೀಬೇಕಲ್ಲ. ಖಾತೆ ಹಾಗೇ ಉಳಿಯುತ್ತೆ.

ಹಾಗಂತ ಪ್ರತಿ ಸಾವಿಗೂ ಒಂದೇ ಕಾರಣ ಇರುತ್ತೆ ಅಂತ ನಾನು ಹೇಳ್ತಿಲ್ಲ. ಯಾರೂ ಒಂದೇ ಕಾರಣಕ್ಕೆ ಅಲ್ಲಿಯವರೆಗೆ ಹೋಗಲ್ಲ. ಹಲವು ಭಾರ ಸೇರಿರುತ್ತೆ. ಮತ್ತೆ ಇನ್ನೊಂದು: ಸಲಿಂಗಿ ಆಗಿರೋದೇ ಯಾರನ್ನೂ ಸಾವಿನ ಕಡೆ ತಳ್ಳಲ್ಲ. ತಳ್ಳೋದು ಒಂಟಿತನ, ಅವಮಾನ, ಮನೆಯಲ್ಲಿ ಹೇಳೋಕಾಗದ ಭಯ. ಇವು ಮೂರೂ ನಾವು ಕೊಟ್ಟಿದ್ದು. ನಾವು ಕೊಟ್ಟಿದ್ದು ಅಂದ್ಮೇಲೆ ನಾವೇ ನಿಲ್ಲಿಸಬಹುದು.

ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟ ರಾಜ್ಯಗಳಲ್ಲಿ ಹೈಸ್ಕೂಲ್ ಮಕ್ಕಳ ಆತ್ಮಹತ್ಯಾ ಪ್ರಯತ್ನಗಳು ಶೇ. 7ರಷ್ಟು ಕಡಿಮೆಯಾಗಿದ್ವು. ಹೈಸ್ಕೂಲ್ ಮಕ್ಕಳೇನು ಮದುವೆ ಆಗೋಕೆ ಹೊರಟಿರಲಿಲ್ಲ. "ನೀನೂ ನಮ್ಮವನೇ" ಅಂತ ಸುತ್ತಲಿನವರು ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಅಮೆರಿಕ ದೂರ ಆಯ್ತು ಅಂತೀರಾ? ಪಕ್ಕದ ತಮಿಳುನಾಡು ನೋಡಿ. ಯುನೆಸ್ಕೋ 2019ರಲ್ಲಿ ಅಲ್ಲಿನ ಒಂದು ಅಧ್ಯಯನ ಹೊರತಂದಿತು. ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನ ಅವರ ಶಾಲಾ ದಿನಗಳ ಬಗ್ಗೆ ಕೇಳಿದ್ರು. ಅರ್ಧಕ್ಕಿಂತ ಹೆಚ್ಚು ಜನ ಮಿಡಲ್ ಸ್ಕೂಲ್, ಹೈಸ್ಕೂಲಿನಲ್ಲಿ ಹೊಡೆತ, ಕಿರುಕುಳ ತಿಂದಿದ್ರು. ಸುಮಾರು ಮೂರರಲ್ಲಿ ಒಬ್ಬರು ಅದೇ ಕಾರಣಕ್ಕೆ ಓದು ಬಿಟ್ಟಿದ್ರು. ಶಾಲೆಯವರಿಗೆ ಹೇಳಿಕೊಂಡವರು ಐದರಲ್ಲಿ ಒಬ್ಬರೂ ಇಲ್ಲ. ಯಾಕೆ ಹೇಳ್ತಾರೆ? ನಮ್ಮ ಕ್ಲಾಸಿನಲ್ಲಿ ಮೇಷ್ಟ್ರೇ ನಗ್ತಿದ್ರಲ್ಲ.

ಮೊನ್ನೆ ಮೊನ್ನೆ ನಡೆದ ಎರಡು ಸಾವು ನೆನಪು ಮಾಡ್ಕೊಳ್ಳಿ. ಎರಡೂ ದೊಡ್ಡ ಸುದ್ದಿಯಾದವು, ಆ ಮಕ್ಕಳ ಹೆಸರು ನಾನು ಹೇಳಲ್ಲ. 2022ರ ಫೆಬ್ರವರಿಯಲ್ಲಿ ಹರಿಯಾಣದ ಫರೀದಾಬಾದ್‌ನಲ್ಲಿ ಹತ್ತನೇ ತರಗತಿ ಹುಡುಗ. ಮಗನನ್ನ ಶಾಲೆಯಲ್ಲಿ ಇದೇ ವಿಷಯಕ್ಕೆ ಗೇಲಿ ಮಾಡ್ತಿದ್ರು ಅಂತ ತಾಯಿ ದೂರು ಕೊಟ್ಟರು. ಮಗನ ಬಗ್ಗೆ ನಾಚಿಕೆ ಪಡದೆ ಬಹಿರಂಗವಾಗಿ ಮಾತಾಡಿದ್ರು, ಬೇರೆ ಮಕ್ಕಳಿಗೆ ಹೀಗಾಗಬಾರದು ಅಂತ ಹೋರಾಟಕ್ಕಿಳಿದ್ರು. ಇನ್ನೊಂದು 2023ರ ನವೆಂಬರ್, ಮಧ್ಯಪ್ರದೇಶದ ಉಜ್ಜಯಿನಿ. 16 ವರ್ಷ. ಮೇಕಪ್ ಕಲೆ ತಾನಾಗೇ ಕಲಿತಿದ್ದ ಮಗು. ದೀಪಾವಳಿಗೆ ಸೀರೆ ಉಟ್ಟು ಒಂದು ರೀಲ್ ಹಾಕಿತು. ಕೆಳಗೆ ಸಾವಿರಾರು ಕೆಟ್ಟ ಕಾಮೆಂಟ್. ಕೆಲವೇ ದಿನದಲ್ಲಿ ಆ ಮಗು ಇರಲಿಲ್ಲ.

ನಮ್ಮ ಕಾಲದಲ್ಲಿ ಸಂಜೆ ನಾಲ್ಕೂವರೆಗೆ ಬೆಲ್ ಹೊಡೆದ್ರೆ ಗೇಲಿನೂ ಮುಗೀತಿತ್ತು. ಮನೆಗೆ ಹೋದ ಮೇಲೆ ಕನಿಷ್ಠ ರಾತ್ರಿ ನೆಮ್ಮದಿ ಇತ್ತು. ಈಗ ಹಾಗಿಲ್ಲ. ತಿರುಮಣಿಯ ಸೋಲಾರ್ ಪ್ಯಾನೆಲ್ ಪಕ್ಕದ ಹಳ್ಳಿಯಲ್ಲಿ ಕೂತಿರೋ ಹುಡುಗನ ಜೇಬಿನಲ್ಲೂ ಆ ಕ್ಲಾಸ್ ರೂಮ್ ಇರುತ್ತೆ. ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಅವನ ಫೋಟೋ ಸ್ಟಿಕ್ಕರ್ ಆಗಿ ಓಡಾಡ್ತಿರುತ್ತೆ, ರಾತ್ರಿ ಹನ್ನೊಂದಕ್ಕೂ, ಹನ್ನೆರಡಕ್ಕೂ.

ಇದನ್ನ ಹೇಳಿದಾಗೆಲ್ಲ ಒಂದು ಮಾತು ಬರುತ್ತೆ. "ಇದೆಲ್ಲ ಬೆಂಗಳೂರಿನ ರೋಗ ಕಣಪ್ಪ, ನಮ್ಮ ಕಡೆ ಎಲ್ಲಿದೆ?" ನಮ್ಮ ಚಿಕ್ಕಪ್ಪನೇ ಹೇಳಿದ್ದು. ನಾನು ಅವರಿಗೆ ಊರಿನ ನಾಟಕ ನೆನಪಿಸಿದೆ. ನಮ್ಮ ಸೀಮೆ ಮೂಡಲಪಾಯದ ಸೀಮೆ, ಪೌರಾಣಿಕ ನಾಟಕದ ಸೀಮೆ. ಹಿಂದೆ ದ್ರೌಪದಿ, ಸತ್ಯಭಾಮೆ ಪಾತ್ರ ಎಲ್ಲ ಗಂಡಸರೇ ಮಾಡ್ತಿದ್ರು. ಸೀರೆ ಉಟ್ಟು, ಬಳೆ ತೊಟ್ಟು, ಕೊರಳು ಕೊಂಕಿಸಿದ್ರೆ ಜನ ನೋಟಿನ ಹಾರ ಹಾಕ್ತಿದ್ರು. ರಾತ್ರಿ ಚಪ್ಪಾಳೆ ತಟ್ಟಿದ ಕೈ ಬೆಳಗ್ಗೆ ಅದೇ ನಡಿಗೆಯ ಹುಡುಗನ ಕೆನ್ನೆಗೆ ಹೊಡೆದ್ರೆ ಅದು ಯಾವ ನ್ಯಾಯ? ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಟಕ ಬೇರೆ, ಜೀವನ ಬೇರೆ" ಅಂದ್ರು. ಇರಬಹುದು. ಆದ್ರೆ ಇಂಥವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನೋ ಮಾತನ್ನ ಅವರು ಮತ್ತೆ ಹೇಳಲಿಲ್ಲ.

ಕನ್ನಡದಲ್ಲೂ ಇದರ ಬಗ್ಗೆ ಧೈರ್ಯವಾಗಿ ಬರೆದವರಿದ್ದಾರೆ. ಸಂಡೂರಿನ ಕಡೆಯ ಕಥೆಗಾರ ವಸುಧೇಂದ್ರ ಅವರ 'ಮೋಹನಸ್ವಾಮಿ' ಬಂದಿದ್ದು 2013ರಲ್ಲಿ. ಒಬ್ಬ ಸಲಿಂಗಿಯ ಬದುಕಿನ ಕಥೆಗಳು. ಅದೇ 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಉಳಿಸಿಕೊಂಡು, ಸಲಿಂಗಿಗಳನ್ನ ಮತ್ತೆ ಅಪರಾಧಿಗಳ ಸಾಲಿಗೆ ಸೇರಿಸಿತ್ತು. ಮಂಜಮ್ಮ ಜೋಗತಿ ಅವರನ್ನ ನೋಡಿ. ಮನೆಯಿಂದ ಹೊರಗೆ ಬಿದ್ದು, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ್ರು. 2021ರಲ್ಲಿ ಪದ್ಮಶ್ರೀ ತಗೊಂಡ್ರು. ಟಿವಿಯಲ್ಲಿ ಅವರನ್ನ ನೋಡಿ ನಮ್ಮಮ್ಮ ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿದೆ. ಪದ್ಮಶ್ರೀ ಬಂದ ಮೇಲೆ ಅಳೋದು ಸುಲಭ. ಪದ್ಮಶ್ರೀ ಬರೋಕೆ ಮೊದಲು, ಹದಿನೈದು ವರ್ಷದ ಮಗು ಆಗಿದ್ದಾಗ, ಪಕ್ಕದ ಮನೆಯಲ್ಲಿದ್ದಾಗ ನಾವು ಹೇಗಿರ್ತೀವಿ ಅನ್ನೋದೇ ಕಷ್ಟದ ಪ್ರಶ್ನೆ.

ಈಗ ಕಾನೂನು. ಇದನ್ನ ಬರ್ಕೊಳ್ಳಿ, ವಾದ ಮಾಡುವಾಗ ಬೇಕಾಗುತ್ತೆ.

2018ರ ಸೆಪ್ಟೆಂಬರ್ 6. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿತು: ವಯಸ್ಕರು ಒಪ್ಪಿ ಇರೋ ಸಲಿಂಗ ಸಂಬಂಧ ಅಪರಾಧ ಅಲ್ಲ. ಬ್ರಿಟಿಷರ ಕಾಲದ, 1860ರ ದಂಡ ಸಂಹಿತೆಯ ಕಳಂಕ ಅಲ್ಲಿಗೆ ಹೋಯ್ತು. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ ತೀರ್ಪಿನಲ್ಲಿ ಸಿಗಲಿಲ್ಲ, ಅದನ್ನ ಶಾಸನಸಭೆಗೆ ಬಿಟ್ಟರು.

ಎರಡನೇದು, ಮಾನಸಿಕ ಆರೋಗ್ಯ ಕಾಯ್ದೆ, 2017. ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಅನ್ನುತ್ತೆ ಅದರ 115ನೇ ಸೆಕ್ಷನ್. ಅದಕ್ಕೇ "ಆಸ್ಪತ್ರೆಗೆ ಹೋದ್ರೆ ಕೇಸ್ ಆಗುತ್ತೆ" ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಜೀವ ಮುಖ್ಯ.

ಮೂರನೇದು, ಕಾಲೇಜಿನವರಿಗೆ. ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮವನ್ನ 2016ರಲ್ಲಿ ತಿದ್ದುಪಡಿ ಮಾಡಿದೆ. ಲೈಂಗಿಕ ಒಲವಿನ ಕಾರಣಕ್ಕೆ ಗೇಲಿ ಮಾಡೋದು, ದೂರ ಇಡೋದು ಕೂಡ ಈಗ ರ‍್ಯಾಗಿಂಗ್. ಡಿಗ್ರಿ ಕಾಲೇಜಿನಲ್ಲಿ ಓದ್ತಿದ್ರೆ 1800-180-5522ಕ್ಕೆ ದೂರು ಕೊಡಬಹುದು.

ನಾಲ್ಕನೇದು ಹೊಸದು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್ ತಗೊಳ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ಮಕ್ಕಳಿರೋ ಕಡೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಇರಬೇಕು. ಕಡಿಮೆ ಮಕ್ಕಳಿದ್ರೆ ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡ್ಕೊಳ್ಳಬೇಕು. ಟೆಲಿ ಮಾನಸ್ ತರಹದ ಸಹಾಯವಾಣಿಯ ನಂಬರನ್ನ ಹಾಸ್ಟೆಲ್, ಕ್ಲಾಸ್ ರೂಮ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಹಿಂದುಳಿದ, ದಲಿತ, ಬುಡಕಟ್ಟು ಮಕ್ಕಳ ಜೊತೆಗೆ ಎಲ್‌ಜಿಬಿಟಿ ಮಕ್ಕಳನ್ನೂ ಹೆಸರಿಸಿ, ಇವರ ಜೊತೆ ಸೂಕ್ಷ್ಮವಾಗಿ, ಭೇದ ಮಾಡದೆ ನಡ್ಕೊಳ್ಳಿ ಅಂತ ಅದರಲ್ಲಿದೆ.

ಕಾನೂನು ಇದೆ, ಆದ್ರೆ ಹೈಸ್ಕೂಲಿನ ಹಾಜರಿ ಪುಸ್ತಕದವರೆಗೆ ಅದು ಬಂದಿದೆಯಾ? 2021ರಲ್ಲಿ ಎನ್‌ಸಿಇಆರ್‌ಟಿ ಶಾಲೆಗಳಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನ ಹೇಗೆ ನೋಡ್ಕೊಳ್ಳಬೇಕು ಅಂತ ಶಿಕ್ಷಕರಿಗೆ ಒಂದು ಕೈಪಿಡಿ ಮಾಡಿತ್ತು. ಆಕ್ಷೇಪ ಬಂತು, ಕೆಲವೇ ದಿನಗಳಲ್ಲಿ ವೆಬ್‌ಸೈಟಿನಿಂದ ತೆಗೆದುಹಾಕಿದ್ರು. ಶಿಕ್ಷಕರ ಕೈಗೆ ಸಿಗಬೇಕಾದ ಒಂದು ಪುಸ್ತಕ ಹಾಗೆ ಹೋಯ್ತು.

ಮನೆಯವರ ವಿಷಯಕ್ಕೆ ಬರೋಣ. ಮಗ ಅಥವಾ ಮಗಳು ಹೀಗೆ ಅಂತ ಗೊತ್ತಾದ್ರೆ ನಮ್ಮ ಕಡೆ ಮೂರು ದಾರಿ. ಒಂದು ದೇವಸ್ಥಾನ, ಹರಕೆ, ತಾಯತ. ಎರಡು ಡಾಕ್ಟರ್. ಮೂರು ಮದುವೆ, "ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ."

ದೇವರಿಗೆ ಕೈ ಮುಗಿಯೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಮಗುವನ್ನ ಬದಲಾಯಿಸು ಅಂತ ಕೇಳೋ ಬದಲು ನನಗೆ ಧೈರ್ಯ ಕೊಡು ಅಂತ ಕೇಳಿ. ಡಾಕ್ಟರ್ ವಿಷಯ ಸ್ಪಷ್ಟ ಇದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಹೇಳಿದೆ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, "ಬದಲಾಯಿಸ್ತೀವಿ" ಅಂತ ಚಿಕಿತ್ಸೆ ಕೊಡೋದು ವೃತ್ತಿ ದುರ್ನಡತೆ ಅಂತ ರಾಜ್ಯಗಳ ವೈದ್ಯ ಮಂಡಳಿಗಳಿಗೆ ತಿಳಿಸಿದೆ. ಹಾಗಾಗಿ ಯಾರಾದ್ರೂ ಇಷ್ಟು ಸಾವಿರ ಕೊಡಿ, ನಿಮ್ಮ ಮಗನ್ನ ಸರಿ ಮಾಡ್ತೀನಿ ಅಂದ್ರೆ ಎದ್ದು ಬನ್ನಿ. ಮಗು ನಿದ್ದೆ ಬಿಟ್ಟಿದ್ರೆ, ಊಟ ಬಿಟ್ಟಿದ್ರೆ, ಬೇಜಾರಲ್ಲಿದ್ರೆ ಅದಕ್ಕೆ ವೈದ್ಯರು ಬೇಕು, ಖಂಡಿತ ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋಕೆ 'ಮನೋಚೈತನ್ಯ' ಅನ್ನೋ ಸರ್ಕಾರಿ ಕಾರ್ಯಕ್ರಮ ಇದೆ. ನಿಮ್ಮ ಆಸ್ಪತ್ರೆಗೆ ಯಾವ ದಿನ ಬರ್ತಾರೆ ಅಂತ ಕೇಳಿ.

ಮೂರನೇ ದಾರಿ ಮದುವೆ. ಅದರಲ್ಲಿ ಒಂದು ಜೀವದ ಬದಲು ಎರಡು ಜೀವ ನೋಯುತ್ತೆ. ಇನ್ನೇನೂ ಹೇಳಲ್ಲ.

ಈಗ ನನ್ನ ಗೆಳೆಯನ ಕಥೆಗೆ ವಾಪಸ್ ಬರ್ತೀನಿ.

ಅವನು ನನಗೆ ಸಿಕ್ಕಿದ್ದು ತುಮಕೂರು ಬಸ್ ಸ್ಟ್ಯಾಂಡಲ್ಲಿ. ಅವನೇ ಗುರುತು ಹಿಡಿದು ಕರೆದ. ನನಗೆ ಮೊದಲು ನೆನಪಿಗೆ ಬಂದಿದ್ದು ಅವನ ಹೆಸರಲ್ಲ, ನಂಬರ್. ಹೆಸರು ನೆನಪಾಗೋಕೆ ಒಂದೆರಡು ಕ್ಷಣ ಬೇಕಾಯ್ತು. ಅದು ಅವನಿಗೂ ಗೊತ್ತಾಯ್ತು ಅಂತ ಕಾಣುತ್ತೆ, ನಕ್ಕ. ಟೀ ಕುಡಿದ್ವಿ. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿದ್ದನಂತೆ, ಆಮೇಲೆ ಡಿಪ್ಲೊಮಾ, ಈಗ ಬೆಂಗಳೂರಲ್ಲಿ ಕೆಲಸ. ಅವತ್ತಿನ ಬೇಸಿಗೆಯಲ್ಲಿ ಏನಾಯ್ತು ಅಂತ ಅಲ್ಲೇ ಹೇಳಿದ. ಬಸ್ಸಿನ ಗಲಾಟೆ ಮಧ್ಯೆ, ಬೇರೆ ಯಾರದೋ ವಿಷಯ ಹೇಳೋ ಹಾಗೆ ಹೇಳಿದ.

ನಾನು ಕ್ಷಮೆ ಕೇಳಿದೆ. ನೋಟ್‌ಬುಕ್ ಲೇಬಲ್ ಮೇಲೆ ಬರೆದಿದ್ದು ನಾನೇ ಅಂದೆ. "ಗೊತ್ತು ಬಿಡೋ, ನಿನ್ನ ಕೈಬರಹ ಯಾರಿಗೆ ಗೊತ್ತಾಗಲ್ಲ, ಕಾಗೆ ಕಾಲು" ಅಂದ. ಕ್ಷಮಿಸಿದ್ದೀನಿ ಅಂತ ಮಾತ್ರ ಹೇಳಲಿಲ್ಲ. ಹೇಳಬೇಕು ಅಂತ ನಾನೂ ಕೇಳಲಿಲ್ಲ.

ಒಂದು ಪ್ರಶ್ನೆ ಕೇಳಿದೆ. "ಆಗ ಏನಿದ್ದಿದ್ರೆ ನಿನಗೆ ಸಹಾಯ ಆಗ್ತಿತ್ತು?" ದೊಡ್ಡದೇನೋ ಹೇಳ್ತಾನೆ ಅಂದ್ಕೊಂಡಿದ್ದೆ. ಅವನು ಹೇಳಿದ್ದು ಇಷ್ಟು: "ಹಿಂದಿ ಮಿಸ್ ನೆನಪಿದಾರಾ? ಅವರೊಬ್ಬರು ಮಾತ್ರ ಹಾಜರಿಗೆ ಹೆಸರು ಕರೀತಿದ್ರು. ಹಿಂದಿ ಮೊದಲನೇ ಪಿರಿಯಡ್ ಇರೋ ದಿನ ನಾನು ತಪ್ಪದೆ ಬರ್ತಿದ್ದೆ. ಮಿಕ್ಕವರೂ ಹಾಗೇ ಮಾಡಿದ್ರೆ ಸಾಕಿತ್ತು. ಲೆಕ್ಕ ಹಾಕು, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ."

ಆ ಮಿಸ್‌ಗೆ ಬಹುಶಃ ಇದು ಯಾವುದೂ ಗೊತ್ತಿಲ್ಲ. ಅವರಿಗೆ ಹೆಸರು ಕರೆಯೋ ಅಭ್ಯಾಸ ಇತ್ತು, ಅಷ್ಟೇ.

ಅದಕ್ಕೇ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಎಲ್ಲ ಮೇಷ್ಟ್ರು, ಮೇಡಂಗಳಿಗೆ ನನ್ನದೊಂದು ಮನವಿ. ನಾಳೆಯಿಂದ ಹಾಜರಿ ಹೆಸರು ಹಿಡಿದು ಕರೀರಿ. ಎರಡು ನಿಮಿಷ ಹೆಚ್ಚಾಗಬಹುದು. ಕ್ಲಾಸಿನಲ್ಲಿ ಯಾರಿಗಾದ್ರೂ ಅಡ್ಡಹೆಸರಿಟ್ಟು ನಗ್ತಿದ್ರೆ ಆ ಮಗುವನ್ನ "ನೀನೇ ಸ್ವಲ್ಪ ಗಂಡಸಿನ ಹಾಗಿರು" ಅನ್ನಬೇಡಿ. ನಗೋರನ್ನ ನಿಲ್ಲಿಸಿ. 14416 ಅನ್ನೋ ನಂಬರನ್ನ ನೋಟಿಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೀರಿ. ಕೋರ್ಟೇ ಹೇಳಿದೆ, ಯಾರ ಅನುಮತಿನೂ ಬೇಡ.

ಅಪ್ಪ ಅಮ್ಮಂದಿರಿಗೆ: ಮಗು ಇದ್ದಕ್ಕಿದ್ದ ಹಾಗೆ ಸ್ಕೂಲಿಗೆ ಹೋಗಲ್ಲ ಅಂದ್ರೆ, ದಿನಾ ಬೆಳಗ್ಗೆ ಹೊಟ್ಟೆನೋವು ಅಂದ್ರೆ, ಇಷ್ಟದ ಸಾಮಾನೆಲ್ಲ ಬೇರೆಯವರಿಗೆ ಕೊಡ್ತಿದ್ರೆ, "ನಾನಿಲ್ಲದಿದ್ರೆ ನಿಮಗೇ ಒಳ್ಳೇದು" ಅಂದ್ರೆ, ತಮಾಷೆ ಅಂದ್ಕೋಬೇಡಿ. ಪಕ್ಕ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ ಪುಟ್ಟ?" ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಭಾರ ಇಳಿಯುತ್ತೆ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ, ಫೋನ್ ಮಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಹಿಂದಿನ ಬೆಂಚಿನ ನನ್ನಂಥವರಿಗೆ: ಲೇ ಮಗಾ, ಗೆಳೆಯರ ಮುಂದೆ ಎದ್ದು ನಿಂತು ಭಾಷಣ ಮಾಡು ಅಂತ ನಾನು ಹೇಳ್ತಿಲ್ಲ. ನಗಬೇಡ, ಅಷ್ಟೇ. ಗ್ರೂಪಲ್ಲಿ ಆ ಸ್ಟಿಕ್ಕರ್ ಬಂದ್ರೆ ಮುಂದೆ ಕಳಿಸಬೇಡ. ಮಧ್ಯಾಹ್ನ ಊಟಕ್ಕೆ ಅವನ ಪಕ್ಕ ಹೋಗಿ ಕೂತ್ಕೋ. ಹನ್ನೆರಡು ವರ್ಷ ಆದ ಮೇಲೆ ಬಸ್ ಸ್ಟ್ಯಾಂಡಲ್ಲಿ ಕ್ಷಮೆ ಕೇಳೋದಕ್ಕಿಂತ ಅದು ಸುಲಭ.

ಕೊನೆಯದಾಗಿ ನಿನಗೆ. ಎಲ್ಲೋ ಕೊರಟಗೆರೆ ಬಸ್ಸಲ್ಲಿ, ಶಿರಾದ ಹಾಸ್ಟೆಲಲ್ಲಿ, ಪಾವಗಡದ ಯಾವುದೋ ಹಳ್ಳಿ ಮಾಳಿಗೆ ಮೇಲೆ ಇಯರ್‌ಫೋನ್ ಹಾಕ್ಕೊಂಡು, ಯಾರಿಗೂ ಗೊತ್ತಾಗದ ಹಾಗೆ ಇದನ್ನ ಕೇಳ್ತಿರೋ ನಿನಗೆ. ನಿನ್ನಲ್ಲಿ ಯಾವ ಕೊರತೆನೂ ಇಲ್ಲ. ಎಲ್ಲರಿಗೂ ಇವತ್ತೇ ಹೇಳಿಬಿಡಬೇಕು ಅಂತಿಲ್ಲ. ನಂಬಿಕೆ ಇರೋ ಒಬ್ಬರು ಸಾಕು. ಅಕ್ಕನೋ, ಅಜ್ಜಿನೋ, ಹೆಸರು ಹಿಡಿದು ಕರೆಯೋ ಒಬ್ಬ ಮಿಸ್ಸೋ. ಯಾರೂ ಇಲ್ಲ ಅನಿಸಿದ್ರೆ 14416. ಹೆಸರು ಹೇಳದೆನೂ ಮಾತಾಡಬಹುದು. 18 ವರ್ಷದ ಒಳಗಿದ್ರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಬೆಂಗಳೂರಿನಲ್ಲಿ 'ಸಂಗಮ'ದಂಥ ಸಂಸ್ಥೆಗಳು 1999ರಿಂದ ನಿಮ್ಮಂಥವರ ಜೊತೆ ಕೆಲಸ ಮಾಡ್ತಿವೆ. ನನ್ನ ಗೆಳೆಯನಿಗೆ ಹದಿನೈದು ವರ್ಷಕ್ಕೆ ಎಲ್ಲ ಮುಗೀತು ಅನ್ನಿಸಿತ್ತು. ಈಗ ಸಂಬಳದ ದಿನ ಅಮ್ಮನಿಗೆ ದುಡ್ಡು ಹಾಕ್ತಾನೆ, ಭಾನುವಾರ ಬಿರಿಯಾನಿ ಮಾಡ್ತಾನೆ, ಕ್ರಿಕೆಟ್ ಸೋತ್ರೆ ನನಗೆ ಫೋನ್ ಮಾಡಿ ಬೈತಾನೆ.

ಈ ಕಂತನ್ನ ಹಾಕೋಕೆ ಮೊದಲು ಅವನಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಹಾಕು" ಅಂದ. ಆಮೇಲೆ, "ಹಿಂದಿ ಮಿಸ್ ನಂಬರ್ ಸಿಗುತ್ತಾ ನೋಡು" ಅಂದ. ಹುಡುಕ್ತಿದ್ದೀನಿ.